ವಯನಾಡಿನ ಮಕ್ಕಳೂ ಮೀಸಲಾತಿಯ ಲೆಕ್ಕವೂ

ಮೀಸಲಾತಿಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಮನೆಗಳ ಜಗಲಿಯಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ಯೋಗ್ಯತೆಗೆ ಬೆಲೆಯಿಲ್ಲದಂತಾಯಿತು, ಬಡತನಕ್ಕೆ ಜಾತಿಯುಂಟೇ ಎಂದು ಒಬ್ಬರು ಕೇಳುವರು. ತಲೆಮಾರುಗಳ ಅನ್ಯಾಯಕ್ಕೆ ಇಷ್ಟಾದರೂ ಪರಿಹಾರ ಬೇಡವೇ ಎಂದು ಇನ್ನೊಬ್ಬರು ಮರುನುಡಿಯುವರು. ಎರಡು ಮಾತುಗಳಲ್ಲಿಯೂ ಹುರುಳುಂಟು. ಆದರೆ ವಾದವು ಬರಿಯ ತತ್ತ್ವದ ಮಟ್ಟದಲ್ಲಿಯೇ ನಿಂತರೆ ನಿರ್ಣಯವಾಗದು. ಆದುದರಿಂದ ವಯನಾಡಿನ ಲೆಕ್ಕವನ್ನೊಮ್ಮೆ ವಾಚಕರ ಮುಂದಿಡಬಯಸುತ್ತೇವೆ.

1980ರ ನವೆಂಬರ್ 1ರಂದು ಜಿಲ್ಲೆಯಾದ ವಯನಾಡಿನಲ್ಲಿ, 2011ರ ಜನಗಣತಿಯಂತೆ, ಶೇಕಡ 18.5ರಷ್ಟು ಜನರು ಪರಿಶಿಷ್ಟ ಬುಡಕಟ್ಟುಗಳಿಗೆ ಸೇರಿದವರು. ಇಡೀ ಕೇರಳದಲ್ಲಾದರೋ ಅವರ ಪ್ರಮಾಣ ಶೇಕಡ ಒಂದೂವರೆಯ ಆಸುಪಾಸು. ರಾಜ್ಯದ ಉದ್ಯೋಗಗಳಲ್ಲಿ ಅವರಿಗೆ ಶೇಕಡ 2ನ್ನೂ, ಪ್ಲಸ್ ಒನ್ ತರಗತಿಯ ಪ್ರವೇಶದಲ್ಲಿ ಶೇಕಡ 8ನ್ನೂ ಮೀಸಲಿಡಲಾಗಿದೆ. ರಾಜ್ಯದ ದೃಷ್ಟಿಯಿಂದ ಎಂಟು ಎಂಬುದು ಉದಾರವಾದ ಅಂಕಿ; ಆದರೆ ಹೆಚ್ಚುಕಡಿಮೆ ಐದರಲ್ಲೊಬ್ಬರು ಬುಡಕಟ್ಟಿನವರಾಗಿರುವ ಜಿಲ್ಲೆಗೆ ಅದು ಸಾಲದು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದರೂ ಪೀಠವಿಲ್ಲದೆ ಉಳಿದ ಮಕ್ಕಳ ಪರವಾಗಿ 2020ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಸತ್ಯಾಗ್ರಹವೇ ನಡೆಯಿತು. ಒಂದೇ ಅಳತೆಗೋಲಿನಿಂದ ತಿರುವನಂತಪುರವನ್ನೂ ತಿರುನೆಲ್ಲಿಯನ್ನೂ ಅಳೆದರೆ ಹೀಗಾಗದೆ ಇನ್ನೇನಾದೀತು?

ಬುಡಕಟ್ಟುಗಳೆಲ್ಲವೂ ಒಂದೇ ಸ್ಥಿತಿಯಲ್ಲಿವೆಯೆಂದು ಭಾವಿಸುವುದೂ ಸರಿಯಲ್ಲ. ಕುರಿಚಿಯರೂ ಮುಳ್ಳು ಕುರುಮರೂ ಬಹುಮಟ್ಟಿಗೆ ಭೂಮಿಯುಳ್ಳ ಕೃಷಿಕರಾಗಿದ್ದವರು. ಪಣಿಯರೂ ಅಡಿಯರೂ ಪರರ ಗದ್ದೆಯಲ್ಲಿ ದುಡಿದವರು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಒಡೆಯರು ಅವರನ್ನು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದ ಪದ್ಧತಿ ಹಿರಿಯರ ನೆನಪಿನಲ್ಲಿ ಇನ್ನೂ ಉಂಟು. ಕಾಡಿನಂಚಿನ ಕಾಟುನಾಯ್ಕರು, ಗಡಿಯಾಚೆಯ ನಮ್ಮ ಜೇನು ಕುರುಬರ ಬಂಧುಗಳು, ಅತಿ ದುರ್ಬಲ ಬುಡಕಟ್ಟುಗಳ ಪಟ್ಟಿಗೆ ಸೇರಿದವರು. ಈ ಎಲ್ಲರಿಗೂ ಒಂದೇ ಪಾಲೆಂದರೆ, ಮೊದಲೇ ಮುಂದಿದ್ದವನ ಕೈಗೆ ಅದು ಬೇಗ ಎಟಕುವುದು ಸಹಜ. 2024ರ ಆಗಸ್ಟ್ 1ರಂದು ಸರ್ವೋಚ್ಚ ನ್ಯಾಯಾಲಯವು ಪರಿಶಿಷ್ಟ ಜಾತಿಗಳೊಳಗೆ ಹೆಚ್ಚು ಹಿಂದುಳಿದವರಿಗೆ ಪ್ರತ್ಯೇಕ ಪಾಲು ಕೊಡಲು ರಾಜ್ಯಗಳಿಗೆ ಅಧಿಕಾರವುಂಟೆಂದು ತೀರ್ಪಿತ್ತಿತು. ಆ ತರ್ಕ ವಯನಾಡಿನ ಹಾಡಿಗಳಿಗೂ ಅನ್ವಯಿಸತಕ್ಕದ್ದೆಂದು ನಾವು ಭಾವಿಸುತ್ತೇವೆ.

ಯೋಗ್ಯತೆಯ ಪ್ರಶ್ನೆಗೆ ಉತ್ತರವೂ ಕೇರಳದಲ್ಲಿಯೇ ದೊರೆಯುತ್ತದೆ. ಪರಿಶಿಷ್ಟ ವರ್ಗಗಳ ಗುಮಾಸ್ತರಿಗೆ ಬಡ್ತಿಯ ಇಲಾಖಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಹೆಚ್ಚಿನ ಕಾಲಾವಕಾಶ ಕೊಟ್ಟುದನ್ನು ಎನ್. ಎಂ. ಥಾಮಸ್ ಎಂಬವರು ಪ್ರಶ್ನಿಸಿದರು. 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ರಿಯಾಯಿತಿಯನ್ನು ಎತ್ತಿಹಿಡಿಯಿತು. ಗಮನಿಸಬೇಕಾದುದೇನೆಂದರೆ, ಅಲ್ಲಿ ಪರೀಕ್ಷೆ ರದ್ದಾಗಲಿಲ್ಲ. ಸಮಯ ಮಾತ್ರ ಹೆಚ್ಚಾಯಿತು. ದೂರದಿಂದ ನಡೆದು ಬರುವವನಿಗೆ ಬಾಗಿಲನ್ನು ತುಸು ಹೊತ್ತು ತೆರೆದಿಟ್ಟರೆ ಮನೆಯ ಮರ್ಯಾದೆಗೆ ಕುಂದುಂಟಾಗದು. ಇನ್ನು ಮುಂದುವರಿದ ಜಾತಿಗಳ ಬಡವರ ಮಾತು: 2019ರ ಸಂವಿಧಾನ ತಿದ್ದುಪಡಿಯಿಂದ ಅವರಿಗೂ ಶೇಕಡ 10ರವರೆಗೆ ಮೀಸಲಾತಿಗೆ ಅವಕಾಶವಾಗಿದೆ.

ಸಾಮರ್ಥ್ಯಕ್ಕೆ ಕೊರತೆಯಿಲ್ಲವೆಂಬುದಕ್ಕೆ ಕುರಿಚಿಯ ಸಮುದಾಯದ ಶ್ರೀಧನ್ಯಾ ಸುರೇಶ್ ಸಾಕ್ಷಿ. ವಯನಾಡಿನ ಈ ಯುವತಿ 2018ನೆಯ ಸಾಲಿನ ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 410ನೆಯ ಸ್ಥಾನ ಪಡೆದು ಐ.ಎ.ಎಸ್. ಸೇರಿದರು. ಆದರೆ ಒಬ್ಬರು ಬೆಟ್ಟವೇರಿದ ಮಾತ್ರಕ್ಕೆ ಎಲ್ಲರಿಗೂ ದಾರಿಯಾಯಿತೆನ್ನಲಾಗದು. ಕಾಟುನಾಯ್ಕರ ಮನೆಮಾತು ಕನ್ನಡಕ್ಕೆ ಸಮೀಪವಾದುದು. ಅವರ ಮಗು ಶಾಲೆಯಲ್ಲಿ ಮೊದಲ ದಿನ ಕೇಳುವುದು ಮಲಯಾಳ. ಅರ್ಥವಾಗದ ಪಾಠದಿಂದ ಹಿಂದೆ ಸರಿದ ಮಗು ಹತ್ತನೆಯ ತರಗತಿಗೇ ತಲುಪದಿದ್ದರೆ, ಮೀಸಲಿಟ್ಟ ಪೀಠದಿಂದ ಫಲವೇನು? 2017ರಲ್ಲಿ ವಯನಾಡಿನ ಪ್ರಾಥಮಿಕ ಶಾಲೆಗಳಲ್ಲಿ ‘ಗೋತ್ರಬಂಧು’ ಯೋಜನೆಯಡಿ ಬುಡಕಟ್ಟಿನವರನ್ನೇ ಮಾರ್ಗದರ್ಶಿ ಶಿಕ್ಷಕರನ್ನಾಗಿ ನೇಮಿಸಿದ್ದು ಈ ಕಾರಣದಿಂದ ಮೆಚ್ಚತಕ್ಕ ಕಾರ್ಯ.

ಗಡಿಯ ಕುಟುಂಬಗಳು ತಿಳಿದಿರಬೇಕಾದ ಇನ್ನೊಂದು ವಿಷಯವುಂಟು. ಪರಿಶಿಷ್ಟರ ಪಟ್ಟಿ ರಾಜ್ಯರಾಜ್ಯಕ್ಕೆ ಬೇರೆ. ಒಂದು ರಾಜ್ಯದಲ್ಲಿ ಪಡೆದ ಸ್ಥಾನವು ವಲಸೆ ಹೋದ ಇನ್ನೊಂದು ರಾಜ್ಯದ ಮೀಸಲಾತಿಗೆ ಹಕ್ಕಾಗದೆಂದು 1990ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಬಾವಲಿಯ ಹೊಳೆಯ ಆಚೀಚೆ ನಂಟಸ್ತನ ಬೆಳೆಸುವಾಗ ಅದು ಅಡ್ಡಿಯಾಗದಿರಬಹುದು. ಮಗುವಿನ ಅರ್ಜಿ ತುಂಬುವಾಗ ಅಡ್ಡಿಯಾದೀತು. ಆದುದರಿಂದ ಪ್ರಮಾಣಪತ್ರದ ವಿಚಾರವನ್ನು ಕಡೆಯ ದಿನದವರೆಗೆ ತಳ್ಳದೆ, ಶಾಲೆಗೆ ಸೇರಿಸುವಾಗಲೇ ವಿಲೇಜ್ ಆಫೀಸಿನಲ್ಲಿ ವಿಚಾರಿಸಿಕೊಳ್ಳುವುದು ಲೇಸು.

ಮೀಸಲಾತಿ ಭಿಕ್ಷೆಯಲ್ಲ, ಬಹುಮಾನವೂ ಅಲ್ಲ. ಸಮಾಜ ತೀರಿಸಬೇಕಾದ ಋಣ. ಋಣ ತೀರಿತೋ ಇಲ್ಲವೋ ಎಂಬುದನ್ನು ಪೀಠಗಳ ಸಂಖ್ಯೆಯಿಂದಲ್ಲ, ಪಣಿಯರ, ಕಾಟುನಾಯ್ಕರ ಮಕ್ಕಳಲ್ಲಿ ಎಷ್ಟು ಮಂದಿ ಓದು ಮುಗಿಸಿದರೆಂಬುದರಿಂದ ಅಳೆಯಬೇಕೆಂಬುದೇ ನಮ್ಮ ಅಭಿಮತ.