ಕಚ್ಚು ಕಡ್ಡಿಯ ತುದಿಯಲ್ಲಿ ಸುತ್ತುವ ರೆಕ್ಕೆ

ಎರಡು ಕಡ್ಡಿ, ಒಂದು ಮೊಳೆ, ಒಂದು ಪುಟ್ಟ ರೆಕ್ಕೆ. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಜನ ಇಷ್ಟರಲ್ಲೇ ಒಂದು ಯಂತ್ರ ಕಟ್ಟಿದ್ದಾರೆ. ಒಂದು ಕಡ್ಡಿಯ ಮೈಮೇಲೆ ಸಾಲಾಗಿ ಏಳೆಂಟು ಕಚ್ಚು ಹಾಕುತ್ತಾರೆ. ಅದರ ತುದಿಗೆ ರೆಕ್ಕೆಯನ್ನಿಟ್ಟು, ಸಡಿಲವಾಗಿ ಆಡುವಂತೆ ಮೊಳೆ ಹೊಡೆಯುತ್ತಾರೆ. ಇನ್ನೊಂದು ಕಡ್ಡಿಯಿಂದ ಕಚ್ಚುಗಳನ್ನು ಹಿಂದಕ್ಕೂ ಮುಂದಕ್ಕೂ ಕರಕರ ಉಜ್ಜಿದರೆ ರೆಕ್ಕೆ ಗಿರ್ರನೆ ತಿರುಗತೊಡಗುತ್ತದೆ. ದಾರವಿಲ್ಲ, ಸ್ಪ್ರಿಂಗ್ ಇಲ್ಲ, ಹಲ್ಲುಚಕ್ರವಿಲ್ಲ. ಉಜ್ಜುವ ಕೈ ರೆಕ್ಕೆಯ ಹತ್ತಿರಕ್ಕೂ ಹೋಗುವುದಿಲ್ಲ. ಪಳಗಿದವರು ಉಜ್ಜುತ್ತಲೇ ‘ಜೀ’ ಎಂದು ಕೂಗುತ್ತಾರೆ, ರೆಕ್ಕೆ ಬಲಕ್ಕೆ ಸುತ್ತುತ್ತದೆ. ‘ಹಾ’ ಎನ್ನುತ್ತಾರೆ, ಅರೆಕ್ಷಣ ತಡವರಿಸಿ ಎಡಕ್ಕೆ ತಿರುಗಿಕೊಳ್ಳುತ್ತದೆ.

ಈ ಆಟಿಕೆಯ ಹೆಸರು ಜೀ-ಹಾ ವಿಮ್ಮಿ ಡಿಡಲ್. ಜೀ ಮತ್ತು ಹಾ ಅಲ್ಲಿನ ರೈತರು ಹೇಸರಗತ್ತೆಗೂ ಎತ್ತಿಗೂ ಕೊಡುವ ಆಜ್ಞೆಗಳು: ಬಲಕ್ಕೆ ಹೋಗು, ಎಡಕ್ಕೆ ಹೋಗು. ಆ ಕಾಡುಗಳಲ್ಲಿ ದಂಡಿಯಾಗಿ ಬೆಳೆಯುವ ರೋಡೊಡೆಂಡ್ರಾನ್ ಅಥವಾ ಮೌಂಟನ್ ಲಾರೆಲ್ ಪೊದೆಯ ಕೊಂಬೆ ಇದಕ್ಕೆ ಬಳಕೆಯ ಮರ. ಕಿಸೆಯಲ್ಲಿ ಒಂದು ಚಾಕು ಇದ್ದರೆ ಸಾಕು, ಜಗಲಿಯ ಮೇಲೆ ಕೂತು ಮಾತಾಡುತ್ತಲೇ ಮಾಡಿ ಮುಗಿಸುವಂಥ ಕೆಲಸ.

ಇಂಥ ಕೈಕೆಲಸದ ಕುಶಲತೆ ಮರೆಯಾಗದಂತೆ ಕಾಪಾಡಿದ ಸಂಸ್ಥೆಯೊಂದು ನಾರ್ತ್ ಕ್ಯಾರೊಲೈನಾ ರಾಜ್ಯದ ಆಶ್‌ವಿಲ್‌ನಲ್ಲಿದೆ. ಫ್ರಾನ್ಸಿಸ್ ಗುಡ್‌ರಿಚ್ ಎಂಬಾಕೆ ಬೆಟ್ಟದ ಹೆಂಗಸರ ನೇಯ್ಗೆಯನ್ನು ಕಂಡು ಮನಸೋತು, ಅವರ ಸರಕು ಮಾರಲೆಂದು 1908ರಲ್ಲಿ ಅಲ್ಲಿ ಅಂಗಡಿ ತೆರೆದರು. 1930ರಲ್ಲಿ ಕುಶಲಕರ್ಮಿಗಳ ಸಂಘವೊಂದು ಹುಟ್ಟಿತು. ಮರುವರ್ಷ ಗುಡ್‌ರಿಚ್ ತಮ್ಮ ಅಂಗಡಿಯನ್ನೇ ಅದಕ್ಕೆ ದಾನವಾಗಿ ಬಿಟ್ಟುಕೊಟ್ಟರು. ಇಂದು ಸದರ್ನ್ ಹೈಲ್ಯಾಂಡ್ ಕ್ರಾಫ್ಟ್ ಗಿಲ್ಡ್ ಎಂದು ಕರೆಸಿಕೊಳ್ಳುವುದು ಈ ಸಂಘವೇ. ಬ್ಲೂ ರಿಜ್ ಪಾರ್ಕ್‌ವೇ ಎಂಬ ಬೆಟ್ಟದ ಹಾದಿಯಲ್ಲಿ 1980ರಲ್ಲಿ ತೆರೆದ ಅದರ ಜನಪದ ಕಲಾ ಕೇಂದ್ರದಲ್ಲಿ ವಿಮ್ಮಿ ಡಿಡಲ್‌ನ ವಿಶ್ವ ಸ್ಪರ್ಧೆಯನ್ನೂ ಏರ್ಪಡಿಸುತ್ತ ಬಂದಿದ್ದಾರೆ. ಬರೀ ತಿರುಗಿಸಿದರೆ ಅಲ್ಲಿ ಬಹುಮಾನ ಸಿಗದು. ಎಡ-ಬಲವನ್ನು ಎಷ್ಟು ಚುರುಕಾಗಿ ಬದಲಿಸಬಲ್ಲಿರಿ ಎಂಬುದೇ ಪರೀಕ್ಷೆ.

ಆ ಬದಲಾವಣೆಯಲ್ಲೇ ಇದರ ವಿಜ್ಞಾನವೆಲ್ಲ ಇದೆ. ಉಜ್ಜುವ ಕಡ್ಡಿ ಒಂದೊಂದು ಕಚ್ಚಿಗೆ ಬಿದ್ದು ಎದ್ದಾಗಲೂ ಇಡೀ ಕಡ್ಡಿ ಕಂಪಿಸುತ್ತದೆ, ತುದಿಯ ಮೊಳೆಯೂ ನಡುಗುತ್ತದೆ. ಮೊಳೆ ಬರೀ ಮೇಲೆ-ಕೆಳಗೆ ನಡುಗಿದರೆ ರೆಕ್ಕೆ ಅಲ್ಲಲ್ಲೇ ಅಲುಗುತ್ತದೆ, ಅಷ್ಟೆ. ಯಾವ ದಿಕ್ಕಿಗೆ ಹೋಗಬೇಕೆಂದು ಅದಕ್ಕೆ ಹೇಳುವವರಿಲ್ಲ. ಹೇಳುವುದು ಬೆರಳು. ಉಜ್ಜುವಾಗ ಹೆಬ್ಬೆರಳೋ ತೋರುಬೆರಳೋ ಕಚ್ಚು ಕಡ್ಡಿಯ ಪಕ್ಕಕ್ಕೆ ತಾಗುತ್ತ ಸಾಗಬೇಕು. ಆ ಒತ್ತಡದಿಂದ ಕಡ್ಡಿ ಅಡ್ಡಡ್ಡಕ್ಕೂ ಕಂಪಿಸತೊಡಗುತ್ತದೆ. ಈ ಅಡ್ಡ ಕಂಪನ ಮೇಲೆ-ಕೆಳಗಿನ ಕಂಪನದ ಜತೆಗೇ ಹೆಜ್ಜೆ ಹಾಕುವುದಿಲ್ಲ, ತುಸು ಹಿಂದೆ ಉಳಿಯುತ್ತದೆ. ಮೊಳೆ ಮೇಲಕ್ಕೆ ಹೋಗಿ ಮುಟ್ಟುವ ಹೊತ್ತಿಗೆ ಪಕ್ಕಕ್ಕೆ ಹೊರಟಿರುತ್ತದೆ, ಪಕ್ಕಕ್ಕೆ ಮುಟ್ಟುವ ಹೊತ್ತಿಗೆ ಕೆಳಕ್ಕೆ ಇಳಿಯುತ್ತಿರುತ್ತದೆ. ಎರಡು ನೇರ ನಡುಕಗಳು ಹೀಗೆ ಹಿಂದುಮುಂದಾಗಿ ಬೆರೆತಾಗ ಮೊಳೆಯ ತುದಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಅಂಡಾಕಾರ ಬರೆಯುತ್ತದೆ.

ಇನ್ನು ರೆಕ್ಕೆಯ ತೂತು. ಅದು ಮೊಳೆಗಿಂತ ದೊಡ್ಡದಿರಲೇಬೇಕು. ಸುತ್ತುತ್ತಿರುವ ಮೊಳೆ ತೂತಿನ ಒಳ ಅಂಚಿಗೆ ಒತ್ತಿಕೊಂಡು ಓಡುತ್ತ, ಘರ್ಷಣೆಯ ಬಲದಿಂದ ರೆಕ್ಕೆಯನ್ನೂ ತನ್ನ ದಿಕ್ಕಿಗೇ ಎಳೆದೊಯ್ಯುತ್ತದೆ. ಸೊಂಟವನ್ನು ಅಲ್ಪವೇ ಆಡಿಸಿ ದೊಡ್ಡ ಬಳೆಯನ್ನು ಸುತ್ತಿಸುವ ಸರ್ಕಸ್ ಹುಡುಗಿಯನ್ನು ನೆನೆಸಿಕೊಳ್ಳಿ. ಇಲ್ಲಿ ಮೊಳೆಯೇ ಸೊಂಟ. ಕಡ್ಡಿಯ ಈ ಬದಿಯ ಬೆರಳು ಸಡಿಲಿಸಿ ಆ ಬದಿಯ ಬೆರಳು ತಾಗಿಸಿದರೆ ಎರಡು ಕಂಪನಗಳ ಹಿಂದುಮುಂದು ಅದಲುಬದಲಾಗುತ್ತದೆ, ಮೊಳೆ ಉಲ್ಟಾ ಸುತ್ತುತ್ತದೆ, ರೆಕ್ಕೆಯೂ ಹಿಂತಿರುಗುತ್ತದೆ. ಉಜ್ಜುವ ಕೈಯಲ್ಲೇ ಬೆರಳು ಬದಲಾಗುವುದರಿಂದ ಎದುರಿಗೆ ಕೂತವರಿಗೆ ಗುಟ್ಟು ತಿಳಿಯುವುದೇ ಇಲ್ಲ.

ಭೌತವಿಜ್ಞಾನದ ಮೇಷ್ಟರುಗಳೂ ಈ ಕಡ್ಡಿಗೆ ಮರುಳಾಗಿದ್ದಾರೆ. 1937ರಿಂದಲೇ ಅಮೆರಿಕದ ಭೌತವಿಜ್ಞಾನ ಬೋಧನೆಯ ಪತ್ರಿಕೆಗಳಲ್ಲಿ ಇದರ ಮೇಲೆ ಲೇಖನಗಳಿವೆ. ಕಂಪನಗಳ ಸಂಯೋಜನೆಯನ್ನು ಕಪ್ಪು ಹಲಗೆಯ ಮೇಲೆ ಸೈನ್, ಕೊಸೈನ್ ಬರೆದು ವಿವರಿಸುವುದಕ್ಕಿಂತ ಇದನ್ನು ಒಮ್ಮೆ ಕೈಗೆ ಕೊಡುವುದು ಮೇಲು ಎಂಬುದು ನನ್ನ ಗಟ್ಟಿ ನಂಬಿಕೆ.

ಮೊಬೈಲ್ ಫೋನು ಗುಂಯ್‌ಗುಡುವುದು ಇದರ ತದ್ವಿರುದ್ಧ: ಹಲವು ಫೋನುಗಳಲ್ಲಿ ಪುಟ್ಟ ಮೋಟಾರು ಒಂದು ಪಕ್ಕಕ್ಕೆ ವಾಲಿದ ತೂಕವನ್ನು ಸುತ್ತಿಸಿ ಕಂಪನ ಹುಟ್ಟಿಸುತ್ತದೆ. ಕಂಪನದಿಂದ ಸುತ್ತು ಹುಟ್ಟಿಸುವ ವಿದ್ಯೆ ದೊಡ್ಡ ಉದ್ಯಮಕ್ಕೆ ಕಾಲಿಟ್ಟದ್ದು ಕ್ಯಾಮೆರಾದ ಮೂಲಕ. ಜಪಾನಿನ ಎಂಜಿನಿಯರ್ ತೋಶಿಇಕು ಸಶಿದ 1980ರ ದಶಕದಲ್ಲಿ ಅಲ್ಟ್ರಾಸಾನಿಕ್ ಮೋಟಾರಿಗೆ ಬಳಸಬಲ್ಲ ರೂಪ ಕೊಟ್ಟರು. ಕ್ಯಾನನ್ ಕಂಪನಿ 1987ರಲ್ಲಿ 300 ಎಂಎಂ ಲೆನ್ಸೊಂದರಲ್ಲಿ ಇಂಥ ಮೋಟಾರನ್ನು ಕೂರಿಸಿ ಮಾರುಕಟ್ಟೆಗೆ ತಂದಿತು. ಅದರೊಳಗೆ ಲೋಹದ ಬಳೆಯೊಂದಿದೆ, ಬಳೆಯ ಅಡಿಗೆ ವಿದ್ಯುತ್ ಹರಿದಾಗ ಹಿಗ್ಗಿ ಕುಗ್ಗುವ ಪಿಂಗಾಣಿಯ ಪಟ್ಟಿ. ಒಂದಕ್ಕೊಂದು ಹಿಂದುಮುಂದಾದ ಎರಡು ವಿದ್ಯುತ್ ಸಂಕೇತ ಕೊಟ್ಟರೆ ಬಳೆಯ ಸುತ್ತ ಅಲೆಯೊಂದು ಓಡುತ್ತದೆ. ಆಗ ಬಳೆಯ ಮೇಲ್ಮೈಯ ಒಂದೊಂದು ಚುಕ್ಕೆಯೂ ಸೆಕೆಂಡಿಗೆ ಸುಮಾರು 30,000 ಬಾರಿ ಅಂಡಾಕಾರ ಬರೆಯುತ್ತ, ಮೇಲೆ ಒತ್ತಿಕೊಂಡಿರುವ ಇನ್ನೊಂದು ಬಳೆಯನ್ನು ಸರಸರ ತಳ್ಳುತ್ತದೆ. ಮನುಷ್ಯನ ಕಿವಿಗೆ ಕೇಳುವುದು 20,000ದವರೆಗೆ ಮಾತ್ರ, ಹಾಗಾಗಿ ಲೆನ್ಸು ಮೌನವಾಗಿ ಫೋಕಸ್ ಆಗುತ್ತದೆ. ಅಯಸ್ಕಾಂತವೂ ತಂತಿಸುರುಳಿಯೂ ಇಲ್ಲದ ಈ ಮೋಟಾರನ್ನು ಎಂಆರ್‌ಐ ಯಂತ್ರದ ಪಕ್ಕದಲ್ಲೂ ಓಡಿಸಬಹುದು. ಬೆಟ್ಟದ ರೈತನ ಬೆರಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎರಡನೆಯ ವಿದ್ಯುತ್ ಸಂಕೇತ ಮಾಡುತ್ತಿದೆ.

ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಹಿಂಬದಿಗೆ ರಬ್ಬರ್ ಇರುವ ಆರು ಮೂಲೆಯ ಪೆನ್ಸಿಲ್ ತೆಗೆದುಕೊಂಡು, ಒಂದು ಮೂಲೆಯ ಉದ್ದಕ್ಕೂ ಚಾಕುವಿನಿಂದ ಅರ್ಧರ್ಧ ಸೆಂಟಿಮೀಟರಿಗೆ ಕಚ್ಚು ಹಾಕಿ. ಚಾಕುವಿನ ಕೆಲಸ ದೊಡ್ಡವರದಿರಲಿ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಎರಡು ಇಂಚಿನ ಪಟ್ಟಿ ಕತ್ತರಿಸಿ, ಸರಿಯಾಗಿ ನಡುವೆ ಗುಂಡುಸೂಜಿಗಿಂತ ಅಗಲವಾದ, ಆದರೆ ಅದರ ತಲೆ ನುಸುಳದಷ್ಟು ಚಿಕ್ಕದಾದ ತೂತು ಮಾಡಿ. ಸೂಜಿಯನ್ನು ಅದರೊಳಗೆ ತೂರಿಸಿ ರಬ್ಬರಿಗೆ ಚುಚ್ಚಿ. ಪಟ್ಟಿ ಸಡಿಲವಾಗಿಯೇ ಆಡಬೇಕು. ಇನ್ನೊಂದು ಪೆನ್ಸಿಲಿನಿಂದ ಉಜ್ಜಿ. ತಿರುಗದಿದ್ದರೆ ಹೆಚ್ಚಾಗಿ ತೂತು ಬಿಗಿಯಾಗಿರುತ್ತದೆ, ಇಲ್ಲವೇ ಅದು ನಡುವಿನಲ್ಲಿರುವುದಿಲ್ಲ.

ಶಾಲೆಯ ಮೇಷ್ಟರುಗಳಲ್ಲಿ, ಅಪ್ಪ-ಅಮ್ಮಂದಿರಲ್ಲಿ ಒಂದು ಕೋರಿಕೆ: ಕಡ್ಡಿಯನ್ನು ಮಕ್ಕಳ ಕೈಗೆ ಕೊಡಿ, ಎರಡೂ ದಿಕ್ಕಿಗೆ ತಿರುಗಿಸಿ ತೋರಿಸಿ. ಬೆರಳಿನ ಗುಟ್ಟನ್ನು ಮಾತ್ರ ಹೇಳಬೇಡಿ, ಅವರೇ ಕಂಡುಹಿಡಿಯಲಿ.