ಕದಡಿದ ನೀರು, ಕಾಣದ ಬಣ್ಣ

ಹೊಲದ ಮಣ್ಣು, ಗೊಬ್ಬರ ಮಳೆಗೆ ಕೊಚ್ಚಿಹೋದರೆ ನಷ್ಟ ನಮಗೆ ಮಾತ್ರವೇ? ಆಫ್ರಿಕಾದ ವಿಕ್ಟೋರಿಯಾ ಸರೋವರದ ಮೀನುಗಳನ್ನು ನೋಡೋಣ. ಅಲ್ಲಿನ ಸಿಕ್ಲಿಡ್ ಮೀನುಗಳಲ್ಲಿ ಹತ್ತಿರದ ಸಂಬಂಧದ ಎರಡು ಜಾತಿಗಳುಂಟು. ಒಂದರ ಗಂಡು ಕೆಂಪು, ಇನ್ನೊಂದರದು ನೀಲಿ. ಹೆಣ್ಣು ಬಣ್ಣ ನೋಡಿಯೇ ತನ್ನ ಜಾತಿಯ ಗಂಡನ್ನು ಆರಿಸಿಕೊಳ್ಳುತ್ತದೆ. ಆದರೆ ಸುತ್ತಲಿನ ಕಾಡು ಕಡಿದು, ಹೊಲಗಳ ಮಣ್ಣು-ಗೊಬ್ಬರ ಸರೋವರ ಸೇರಿ, ಪಾಚಿ ಹೆಚ್ಚಿ ನೀರು ಕದಡಿತು. ಅಂಥ ನೀರಿನಲ್ಲಿ ಹೆಣ್ಣಿಗೆ ಬಣ್ಣದ ವ್ಯತ್ಯಾಸ ತಿಳಿಯದು. ಜಾತಿಗಳು ಬೆರೆತು ಒಂದಾಗುತ್ತವೆ. ಇದನ್ನು ಓಲೆ ಸೇಹೌಸನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿಕೊಟ್ಟರು. ಯಾರೂ ಬಲೆ ಬೀಸದೆಯೇ ಒಂದು ಜಾತಿ ಅಳಿಯಬಹುದು!

ಆದ್ದರಿಂದ ಹೊಲಕ್ಕೆ ಬದು ಹಾಕೋಣ. ಹಳ್ಳದ ದಡದ ಹುಲ್ಲು ಉಳಿಸೋಣ. ಜೋರು ಮಳೆಯ ಮುನ್ನ ಗೊಬ್ಬರ ಎರಚದಿರೋಣ. ಮಣ್ಣು ಹೊಲದಲ್ಲೇ ಉಳಿದರೆ ಬೆಳೆಗೂ ಲಾಭ, ಕೆರೆಯ ಮೀನಿಗೂ ಬದುಕು.