ಮಿನಿ ಕೂಪರ್ ಎಸ್: ಮೂರು ಎಂಜಿನ್, ಗುರುತಿಸುವುದು ಹೇಗೆ?

ಹೊರಗಿನಿಂದ ನೋಡಿದರೆ ಎಲ್ಲ ಹಳೆಯ ಮಿನಿ ಕಾರುಗಳೂ ಹೆಚ್ಚುಕಡಿಮೆ ಒಂದೇ. ಆದರೆ ಅಸಲಿ 'ಕೂಪರ್ ಎಸ್' ಎಂದಾಕ್ಷಣ ಬೆಲೆ ಹಲವು ಪಟ್ಟು ಏರುತ್ತದೆ. ಹಾಗಾಗಿಯೇ ಸಾಧಾರಣ ಮಿನಿಗೆ 'ಎಸ್' ಬ್ಯಾಡ್ಜ್ ಅಂಟಿಸಿ ಮಾರುವವರಿಗೂ ಕೊರತೆಯಿಲ್ಲ. ಅಸಲಿ ಯಾವುದು ಎಂಬುದನ್ನು ಹೇಳಬೇಕಾದದ್ದು ಎಂಜಿನ್.

ಮೂರು ಎಂಜಿನ್ ಏಕೆ?

ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ನ ಮೂಲವಾದ ಬ್ರಿಟನ್ನಿನ ಬಿಎಂಸಿ ಕಂಪನಿಯೇ ಮಿನಿಯನ್ನೂ ತಯಾರಿಸಿತ್ತು. 1963ರಲ್ಲಿ 1071 ಸಿಸಿಯ ಕೂಪರ್ ಎಸ್ ಬಂತು. 1964ರಲ್ಲಿ 970 ಮತ್ತು 1275 ಸಿಸಿ ಎಂಜಿನ್‌ಗಳು ಸೇರಿಕೊಂಡವು. ರೇಸ್‌ಗಳಲ್ಲಿ 1000, 1100, 1300 ಸಿಸಿ ಎಂದು ವಿಭಾಗಗಳಿದ್ದವು. ಒಂದೊಂದಕ್ಕೂ ಒಂದೊಂದು ಎಂಜಿನ್. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್ಕಿರ್ಕ್ ಗೆದ್ದದ್ದು 1071ರಲ್ಲಿ. 970 ತಯಾರಾದದ್ದು ಸಾವಿರಕ್ಕೂ ಕಡಿಮೆ. ಅದಕ್ಕೇ ಅದು ಅಪರೂಪ.

ಸಂಖ್ಯೆ ನಂಬಬಹುದೇ?

ಎಂಜಿನ್ ಸಂಖ್ಯೆ ಇರುವುದು ಬ್ಲಾಕ್‌ಗೆ ಜೋಡಿಸಿದ ಪುಟ್ಟ ಲೋಹದ ಪಟ್ಟಿಯ ಮೇಲೆ, ಡೈನಮೋ ಮೇಲ್ಭಾಗದಲ್ಲಿ. ಈ ಪಟ್ಟಿಯನ್ನು ಕಿತ್ತು ಇನ್ನೊಂದು ಎಂಜಿನ್‌ಗೆ ಹಾಕುವುದು ಕಷ್ಟವೇನಲ್ಲ. ಆದ್ದರಿಂದ ಅದು ಮೊದಲ ಸುಳಿವು ಮಾತ್ರ, ಸಾಕ್ಷಿಯಲ್ಲ.

ಬ್ಲಾಕ್ ಏನು ಹೇಳುತ್ತದೆ?

ಸಾಮಾನ್ಯ ಮಿನಿ ಎಂಜಿನ್‌ಗಳಲ್ಲಿ ಸಿಲಿಂಡರ್ ಹೆಡ್ ಹೆಚ್ಚಾಗಿ 9 ಸ್ಟಡ್‌ಗಳಿಂದ ಬಿಗಿಯಾಗಿರುತ್ತದೆ. ಕೂಪರ್ ಎಸ್‌ನಲ್ಲಿ 10 ಸ್ಟಡ್ ಮತ್ತು ಒಂದು ಬೋಲ್ಟ್, ಅಂದರೆ ಒಟ್ಟು 11. ಇದರ ಜೊತೆಗೆ ಬ್ಲಾಕ್‌ನ ಹಿಂಭಾಗದಲ್ಲಿ, ಮ್ಯಾನಿಫೋಲ್ಡ್ ಕೆಳಗೆ, ಬಿಚ್ಚಬಹುದಾದ ಟ್ಯಾಪೆಟ್ ಕವರ್‌ಗಳಿವೆ. 850, 998 ಸಿಸಿ ಎಂಜಿನ್‌ಗಳಲ್ಲೂ ಈ ಕವರ್‌ಗಳುಂಟು. ಆದರೆ 1969ರಲ್ಲಿ ಬಂದ 1275 ಜಿಟಿಯಂಥ ಸಾಮಾನ್ಯ 1275ಗಳಲ್ಲಿ ಸಾಮಾನ್ಯವಾಗಿ ಆ ಜಾಗ ಮುಚ್ಚಿರುತ್ತದೆ. ಹೀಗಾಗಿ ಎರಡೂ ಗುರುತು ಒಟ್ಟಿಗೆ ಸಿಕ್ಕರೆ ಮಾತ್ರ ಭರವಸೆ.

ಅಳತೆ ತೆಗೆದರೆ?

ಮೂರೂ ಎಂಜಿನ್‌ಗಳ ಮೂಲ ಬೋರ್ ಒಂದೇ, ಸುಮಾರು 70.6 ಮಿ.ಮೀ. ವ್ಯತ್ಯಾಸ ಇರುವುದು ಸ್ಟ್ರೋಕ್‌ನಲ್ಲಿ, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರದಲ್ಲಿ:

* 970 ಸಿಸಿ: ಸುಮಾರು 62 ಮಿ.ಮೀ.
* 1071 ಸಿಸಿ: ಸುಮಾರು 68 ಮಿ.ಮೀ.
* 1275 ಸಿಸಿ: ಸುಮಾರು 81 ಮಿ.ಮೀ.

ಹೆಡ್ ಬಿಚ್ಚಿದಾಗ ಕ್ರ್ಯಾಂಕ್ ತಿರುಗಿಸಿ, ಪಿಸ್ಟನ್ ತೀರಾ ಕೆಳಗಿರುವಾಗಿನಿಂದ ತೀರಾ ಮೇಲೆ ಬರುವವರೆಗಿನ ದೂರ ಅಳೆದರೆ ಸಾಕು. ಸಿಲಿಂಡರ್ ರೀಬೋರ್ ಮಾಡಿಸಿದ್ದರೂ ಸ್ಟ್ರೋಕ್ ಬದಲಾಗದು. ಸಾಮಾನ್ಯ 1275ರ ಸ್ಟ್ರೋಕ್ ಕೂಡ 81 ಮಿ.ಮೀ. ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಸ್ಟಡ್, ಕವರ್‌ಗಳೇ ಗತಿ. ಇನ್ನು 1071ಕ್ಕೆ 970ರ ಕ್ರ್ಯಾಂಕ್ ಹಾಕಿ ಅಪರೂಪದ ಎಂಜಿನ್ ಎಂದು ತೋರಿಸುವುದೂ ಸಾಧ್ಯ. ಅಳತೆಯೊಂದನ್ನೇ ನಂಬಿ ಹಣ ಕೊಡುವಂತಿಲ್ಲ.

ಕೊನೆಯ ಮಾತು ದಾಖಲೆಯದು

ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ, ಕಾರ್ಖಾನೆಯ ಹಳೆಯ ದಾಖಲೆಗಳ ಆಧಾರದಲ್ಲಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಅದರಲ್ಲಿರುವ ಷಾಸಿ ಮತ್ತು ಎಂಜಿನ್ ಸಂಖ್ಯೆ ಕಾರಿನೊಂದಿಗೆ ತಾಳೆಯಾಗಬೇಕು, ಬ್ಲಾಕ್‌ನ ಗುರುತು ಮತ್ತು ಸ್ಟ್ರೋಕ್ ಅದನ್ನು ಬೆಂಬಲಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಕಾರನ್ನು ಎಸ್‌ನ ಬೆಲೆಗೆ ಕೊಳ್ಳುವ ಮುನ್ನ ಮಾರುವವರಿಂದ ಕಾರಣ ಕೇಳುವುದು ಒಳಿತು.